ಹರಿವಾಣ ಬಿಟ್ಟ ಮೋಹಿನಿ, ಪಟ್ಟಿ ಸೇರಿದ ‘ಅಳಿವೆ’

ಕಾಪುವಿನ ಕಾಲೇಜೊಂದರ ಹಿಂಬದಿ, ಮೆಟ್ಟಿಲ ಕೆಳಗೆ ಒಂದು ಸಣ್ಣ ಕೋಣೆ. ಹೊರಗೆ ಇನ್ನೂ ಪೂರ್ತಿ ಬೆಳಕಾಗಿಲ್ಲ. ಹೆದ್ದಾರಿಯಲ್ಲಿ ಮೀನಿನ ಲಾರಿಗಳು ದಾರಿಯುದ್ದಕ್ಕೂ ನೀರು ಸುರಿಸುತ್ತ ಮಂಗಳೂರಿನ ಕಡೆ ಓಡುತ್ತಿವೆ. ಮೋಹಿನಿ ಬೀಗ ತೆಗೆದು ಒಳಗೆ ಬರುತ್ತಾರೆ, ಚಪ್ಪಲಿ ಬಾಗಿಲ ಹೊರಗೆ ಬಿಡುತ್ತಾರೆ, ಕಂಪ್ಯೂಟರಿಗೆ ಹೊದೆಸಿದ ಹಳೆಯ ಬೈರಾಸು ಬಟ್ಟೆಯನ್ನು ತೆಗೆದು ಮಡಚಿ ಇಡುತ್ತಾರೆ. ಮೋಡೆಮ್ಮಿನ ಕಿರುಚಾಟ ನಿಂತು ಲೈನು ಸಿಕ್ಕಿದ ಮೇಲೆ ಅವರು ಮೊದಲು ತೆರೆಯುವುದು ತಮ್ಮ ಪತ್ರಿಕೆಯ ಪುಟವನ್ನಲ್ಲ. ಕಾರ್ಕಳದ ದ್ರಾಕ್ಷಾಯಿಣಿ ನೋಡಿಕೊಳ್ಳುವ ಪತ್ರಿಕೆಯ ಪುಟವನ್ನು.

“ಅವಳು ಎಂತ ಹಾಕಿದ್ದಾಳೆ ಅಂತ ನೋಡಬೇಕಲ್ಲ. ನೋಡದಿದ್ದರೆ ನನಗೆ ಚಹಾ ಇಳಿಯುವುದಿಲ್ಲ,” ಎನ್ನುತ್ತಾರೆ ಮೋಹಿನಿ, ಕಣ್ಣು ತೆರೆಯ ಮೇಲೆಯೇ ಇಟ್ಟು. ಪುಟ ನಿಧಾನಕ್ಕೆ ಮೇಲಿನಿಂದ ಕೆಳಗೆ ಮೂಡುತ್ತದೆ. ಹೊಸದೇನೂ ಇಲ್ಲ ಎಂದು ಖಾತ್ರಿಯಾಗುತ್ತಲೇ ಅವರ ಮುಖ ಸಡಿಲಾಗುತ್ತದೆ. ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಂಡು, ಇನ್ನು ಕೆಲಸ ಸುರು ಮಾಡುವ ಎನ್ನುತ್ತಾರೆ. ಬಸ್‌ಸ್ಟ್ಯಾಂಡಿನಿಂದ ನಡೆದು ಬಂದ ದಣಿವಿಗಿಂತ ಈ ಒಂದು ನೋಟದ ದಣಿವೇ ಅವರಿಗೆ ಹೆಚ್ಚಿದ್ದಂತೆ ಕಾಣುತ್ತದೆ.

ಅವರ ಕೆಲಸ ಏನೆಂದು ಮಲ್ಪೆಯ ನೆರೆಕರೆಯವರಿಗೆ ಇಂದಿಗೂ ಸರಿಯಾಗಿ ಗೊತ್ತಿಲ್ಲ. ‘ಅಳಿವೆ’ ಎಂಬುದು ಮೂರು ತಿಂಗಳಿಗೊಮ್ಮೆ ಹೊರಡುವ ಇಂಗ್ಲಿಷ್ ಸಂಶೋಧನಾ ಪತ್ರಿಕೆ. ನದಿ ಸಮುದ್ರ ಸೇರುವ ಕಡೆ ಬೆಳೆಯುವ ಕಾಂಡ್ಲಾ ಗಿಡ, ಮರುವಾಯಿ ಚಿಪ್ಪು, ಸಿಗಡಿ, ಏಡಿ, ಇವುಗಳ ಬಗ್ಗೆ ಅಧ್ಯಾಪಕರು ಬರೆದ ಲೇಖನಗಳು ಅದರಲ್ಲಿ ಬರುತ್ತವೆ. ಅವನ್ನು ಬೇರೆ ಪಂಡಿತರು ಓದಿ ಒಪ್ಪಿದ ಮೇಲೆ ಮೋಹಿನಿ ಪುಟ ಕಟ್ಟುತ್ತಾರೆ, ಚಿತ್ರ ಕೂರಿಸುತ್ತಾರೆ, ಒಂದೊಂದನ್ನೂ ಬೇರೆ ಬೇರೆ ಫೈಲು ಮಾಡಿ ಇಂಟರ್ನೆಟ್ಟಿಗೆ ಏರಿಸುತ್ತಾರೆ. ಒಂದು ಲೇಖನ ಏರಲು ಕಾಲು ಗಂಟೆಯಾದರೂ ಬೇಕು. ನಡುವೆ ಲೈನು ಕಡಿದರೆ ಮತ್ತೆ ಮೊದಲಿನಿಂದ. ಒಂಬತ್ತರ ನಂತರ ಅದೇ ಫೋನಿನ ಲೈನು ಪ್ರಿನ್ಸಿಪಾಲರ ಕೋಣೆಗೆ ಸೇರಿದ್ದಾದ್ದರಿಂದ, ಬೆಳಗಿನ ಈ ಹೊತ್ತೇ ಅವರ ಪಾಲಿಗೆ ಬಂದಿರುವುದು.

ಮಲ್ಪೆಯಿಂದ ಮೊದಲ ಬಸ್ಸಿಗೆ ಉಡುಪಿ, ಅಲ್ಲಿಂದ ಇನ್ನೊಂದು ಬಸ್ಸಿಗೆ ಕಾಪು. ಗಂಡ ಸುಂದರ, ಬಂದರಿನ ಐಸ್ ಪ್ಲಾಂಟಿನಲ್ಲಿ ರಾತ್ರಿ ಪಾಳಿ ಮುಗಿಸಿ ಬರುವುದಕ್ಕೂ ಮೋಹಿನಿ ಹೊರಡುವುದಕ್ಕೂ ಸರಿಹೋಗುತ್ತದೆ. ಬಂದರಿನ ದಾರಿಯಲ್ಲಿ ಇಬ್ಬರೂ ಎದುರಾಗುತ್ತಾರೆ, ಮೀನಿನ ಏಲಂ ಕೂಗಿನ ನಡುವೆ ಮನೆಯ ನಾಲ್ಕು ಮಾತು ಮುಗಿಸಿಕೊಳ್ಳುತ್ತಾರೆ. ಮಗಳು ನವ್ಯಶ್ರೀ ಹೈಸ್ಕೂಲು. ಅವಳನ್ನು ಎಬ್ಬಿಸಿ ಕಳಿಸುವುದು ಅತ್ತೆಯ ಪಾಲು. “ಇವಳು ಎಂತ ಮಾಡ್ತಾಳೆ ಅಂತ ಯಾರಾದರೂ ಕೇಳಿದರೆ ಅತ್ತೆ, ಕಾಲೇಜಿನಲ್ಲಿ ಟೈಪಿಂಗ್ ಅಂತ ಹೇಳ್ತಾರೆ. ನಾನು ತಿದ್ದಲಿಕ್ಕೆ ಹೋಗುವುದಿಲ್ಲ,” ಎಂದು ಮೋಹಿನಿ ನಗುತ್ತಾರೆ.

ಟೈಪಿಂಗಿನಿಂದ ಸುರುವಾದದ್ದು ನಿಜವೇ. ಎಸ್ಸೆಸ್ಸೆಲ್ಸಿ ಮುಗಿಸಿ ಉಡುಪಿಯ ಬಸ್‌ಸ್ಟ್ಯಾಂಡಿನ ಹತ್ತಿರ ಅಣ್ಣು ಅವರ ಪ್ರೆಸ್ಸಿಗೆ ಸೇರಿದವರು ಅವರು. ತೊಂಬತ್ತೆಂಟರಲ್ಲಿ ಅಣ್ಣು ಒಂದು ಕಂಪ್ಯೂಟರು ತಂದಾಗ ಅದನ್ನು ಮುಟ್ಟಲು ಹಳೆಯ ಕಂಪೋಸಿಟರುಗಳೆಲ್ಲ ಹಿಂದೇಟು ಹಾಕಿದರು. “ನೀನು ಹೆದರುವವಳಲ್ಲ ಮಾರಾಯ್ತಿ, ನೀನೇ ಕೂತುಕೋ,” ಎಂದು ಅಣ್ಣು ಮೋಹಿನಿಯನ್ನು ಅದರ ಮುಂದೆ ಕೂರಿಸಿದರು. ‘ಅಳಿವೆ’ ಅಚ್ಚಾಗುತ್ತಿದ್ದುದು ಅಲ್ಲಿಯೇ. ಅದರ ಸಂಪಾದಕರಾದ ನಿವೃತ್ತ ಪ್ರಾಣಿಶಾಸ್ತ್ರ ಪ್ರೊಫೆಸರ್ ಸಿರಿಲ್, ಪತ್ರಿಕೆಯನ್ನು ಇಂಟರ್ನೆಟ್ಟಿಗೂ ಹಾಕುವ ಮನಸ್ಸು ಮಾಡಿದಾಗ ಮೋಹಿನಿಯನ್ನು ಕಾಪುವಿಗೆ ಕರೆಸಿಕೊಂಡರು.

ದ್ರಾಕ್ಷಾಯಿಣಿ ಅದೇ ಪ್ರೆಸ್ಸಿಗೆ, ಕಂಪ್ಯೂಟರು ಬಂದ ಎರಡು ವರ್ಷಕ್ಕೆ ಬಂದವರು. ಅವರ ಅಪ್ಪ ಬೀರಪ್ಪ, ಅವ್ವ ಯಂಕವ್ವ ಬಾಗಲಕೋಟೆಯ ಕಡೆಯಿಂದ ಮಣಿಪಾಲಕ್ಕೆ ಕಟ್ಟಡದ ಕೆಲಸಕ್ಕೆ ಬಂದು ಅಲ್ಲಿಯೇ ನೆಲೆ ನಿಂತವರು. ಪಿಯುಸಿ ಮುಗಿಸಿದ ಹುಡುಗಿಗೆ ಮೌಸು ಹಿಡಿಯುವುದರಿಂದ ಹಿಡಿದು ಫೈಲು ಮಾಡುವವರೆಗೆ ಎಲ್ಲವನ್ನೂ ಕಲಿಸಿದ್ದು ಮೋಹಿನಿ. ಮಧ್ಯಾಹ್ನ ಒಬ್ಬರ ರೊಟ್ಟಿಗೆ ಇನ್ನೊಬ್ಬರ ಒಣಮೀನಿನ ಚಟ್ನಿ ಹಚ್ಚಿಕೊಂಡು ತಿಂದವರು ಇವರು. ಮೋಹಿನಿ ಕಾಪುವಿಗೆ ಹೋದ ಮೇಲೆ ದ್ರಾಕ್ಷಾಯಿಣಿಯನ್ನು ಕಾರ್ಕಳದ ಒಂದು ಟ್ರಸ್ಟಿನವರು ತಮ್ಮ ‘ವನಮೂಲಿಕಾ’ ಎಂಬ ಗಿಡಮೂಲಿಕೆ ಪತ್ರಿಕೆಗೆ ಕರೆದುಕೊಂಡರು. ಎ.ಸಿ. ಕೋಣೆ, ತಿರುಗುವ ಕುರ್ಚಿ. ಆ ಕುರ್ಚಿಯ ಸುದ್ದಿ ಕೇಳಿದ ದಿನವೇ ಮೋಹಿನಿಯ ಹೊಟ್ಟೆಯಲ್ಲಿ ಸಣ್ಣಗೆ ಉರಿ ಹತ್ತಿತ್ತು. ಅದನ್ನು ಅವರು ಮುಚ್ಚಿಡುವುದೂ ಇಲ್ಲ.

ಉರಿ ಜ್ವಾಲೆಯಾದದ್ದು ಎರಡು ಸಾವಿರದ ನಾಲ್ಕರಲ್ಲಿ. ಯುರೋಪಿನ ಒಂದು ಲೈಬ್ರರಿಯವರು ಲೋಕದಲ್ಲಿ ಯಾರು ಬೇಕಾದರೂ ದುಡ್ಡು ಕೊಡದೆ ಓದಬಹುದಾದ ಸಂಶೋಧನಾ ಪತ್ರಿಕೆಗಳ ಒಂದು ಪಟ್ಟಿ ಇಟ್ಟಿದ್ದಾರೆ. ಸೇರುವುದು ಸಲೀಸಲ್ಲ. ಲೇಖನಗಳನ್ನು ತಿಳಿದವರು ಪರೀಕ್ಷಿಸಿರಬೇಕು, ಸಂಚಿಕೆಗಳು ಹೇಳಿದ ಹೊತ್ತಿಗೆ ಬರಬೇಕು, ಲೇಖನ ಪೂರ್ತಿಯಾಗಿ ಸಿಗಬೇಕು, ಸಿಗುವುದೂ ತಡವಿಲ್ಲದೆ ಸಿಗಬೇಕು. ಆ ಪಟ್ಟಿಯಲ್ಲಿ ಹೆಸರಿದ್ದರೆ ದೂರದೂರದ ಲೈಬ್ರರಿಗಳಲ್ಲಿ ಹುಡುಕಿದವರಿಗೆ ಪತ್ರಿಕೆ ಸಿಗುತ್ತದೆ. ಇಲ್ಲದಿದ್ದರೆ ಅದು ಇದ್ದೂ ಇಲ್ಲದ ಹಾಗೆ. ‘ವನಮೂಲಿಕಾ’ ಆ ಪಟ್ಟಿ ಸೇರಿತು. ದ್ರಾಕ್ಷಾಯಿಣಿ ಆ ಪುಟವನ್ನು ಪ್ರಿಂಟು ತೆಗೆದು ಅಣ್ಣು ಅವರಿಗೆ ಕೊಟ್ಟರು. ಅಣ್ಣು ಅದನ್ನು ಪ್ರೆಸ್ಸಿನ ಗೋಡೆಗೆ, ದೇವರ ಫೋಟೋದ ಬದಿಗೆ ಅಂಟಿಸಿದರು.

“ನಾನು ಪ್ರೂಫ್ ತೆಗೆದುಕೊಂಡು ಹೋದಾಗಲೆಲ್ಲ ಅದಕ್ಕೆ ಎದುರಾಗಿಯೇ ಕೂರಬೇಕು. ದೇವರಿಗೆ ಕೈ ಮುಗಿಯುವ ಅಂದ್ರೆ ಅದೂ ಕಣ್ಣಿಗೆ ಬೀಳ್ತದೆ,” ಎನ್ನುತ್ತಾರೆ ಮೋಹಿನಿ. “ಕೈ ಹಿಡಿದು ಕಲಿಸಿದವಳು ನಾನು. ಹೊಟ್ಟೆ ಉರಿಯದೆ ಇರ್ತದಾ?”

ಗೋಡೆಯ ಕಾಗದ ಒಂದನ್ನೇ ಆದರೆ ನುಂಗಿಕೊಳ್ಳಬಹುದಿತ್ತೇನೋ. ಆದರೆ ಲೇಖನಗಳೂ ಪಟ್ಟಿಯ ಹಿಂದೆಯೇ ಹೋಗತೊಡಗಿದವು. ಕಾಂಡ್ಲಾ ಗಿಡದ ಬಗ್ಗೆ ಒಬ್ಬ ಅಧ್ಯಾಪಕರು ‘ಅಳಿವೆ’ಗೆ ಕೊಟ್ಟಿದ್ದ ಲೇಖನವನ್ನು ಮೋಹಿನಿ ಅರ್ಧ ಪುಟ ಕಟ್ಟಿಯಾಗಿತ್ತು. ಅವರು ಅದನ್ನು ಹಿಂದಕ್ಕೆ ಪಡೆದು ಕಾರ್ಕಳಕ್ಕೆ ಕೊಟ್ಟರು; ಕಾಂಡ್ಲಾದ ತೊಗಟೆಯಲ್ಲೂ ಔಷಧ ಉಂಟಂತೆ. ತಾವು ಕಟ್ಟಿದ್ದ ಪುಟ ದ್ರಾಕ್ಷಾಯಿಣಿಯ ಕೈಯಲ್ಲಿ ಹೊಸದಾಗಿ ಕಟ್ಟಿಸಿಕೊಂಡು ಬಂದದ್ದನ್ನು ಮೋಹಿನಿ ಮತ್ತೆ ಮತ್ತೆ ತೆರೆದು ನೋಡಿದರು. “ಚೆನ್ನಾಗಿ ಮಾಡಿದ್ದಳು. ಅದೇ ಸಂಕಟ,” ಎನ್ನುತ್ತಾರೆ. ಹೀಗೇ ಮುಂದುವರಿದರೆ ‘ಅಳಿವೆ’ಯನ್ನು ನಿಲ್ಲಿಸುವುದೇ ಒಳ್ಳೆಯದು ಎಂಬ ಮಾತು ಪತ್ರಿಕೆಯ ಸಮಿತಿಯಲ್ಲಿ ಬಂತು.

ಸಿರಿಲ್ ಸರ್ ಪಟ್ಟಿಗೆ ಅರ್ಜಿ ಹಾಕಿದರು. ಮೊದಲ ಸಲ ತಿರಸ್ಕಾರವಾದದ್ದು ಮೋಹಿನಿಯದೇ ತಪ್ಪಿನಿಂದ. ಪ್ರೆಸ್ಸಿನಲ್ಲಿ ಬೆಳೆದವರಾದ್ದರಿಂದ ಅವರು ಇಡೀ ಸಂಚಿಕೆಯನ್ನು ರಕ್ಷಾಪುಟದಿಂದ ಜಾಹೀರಾತಿನವರೆಗೆ ಒಂದೇ ಫೈಲು ಮಾಡಿ ಏರಿಸುತ್ತಿದ್ದರು. ಹಳೆಯ ಸಂಚಿಕೆಗಳನ್ನೆಲ್ಲ ಬಿಡಿಸಿ ಲೇಖನಕ್ಕೊಂದು ಫೈಲು ಮಾಡಲು ಆ ಮಳೆಗಾಲ ಪೂರ್ತಿ ಹಿಡಿಯಿತು. ಎರಡನೆಯ ಅರ್ಜಿಗೂ ಇಲ್ಲವೆಂದೇ ಉತ್ತರ ಬಂತು. ಕಾರಣವನ್ನು ಪಟ್ಟಿಯವರು ಬಿಡಿಸಿಯೇ ಬರೆದಿದ್ದರು: ಜನವರಿಯ ಸಂಚಿಕೆ ಓದುಗರಿಗೆ ಸಿಕ್ಕಿರುವುದು ಏಪ್ರಿಲಿನಲ್ಲಿ. ಸಿದ್ಧವಾದದ್ದನ್ನು ತಡೆದಿಟ್ಟು ಕೊಡುವ ಪತ್ರಿಕೆಯನ್ನು ನಾವು ಸೇರಿಸಿಕೊಳ್ಳುವುದಿಲ್ಲ.

ತಡೆದಿಡುತ್ತಿದ್ದುದು ಯಾವ ದುರುದ್ದೇಶದಿಂದಲೂ ಅಲ್ಲ, ಬಿಡುಗಡೆ ಸಮಾರಂಭಕ್ಕಾಗಿ. ನಮ್ಮ ಕಡೆ ಪುಸ್ತಕವಾಗಲಿ ಪತ್ರಿಕೆಯಾಗಲಿ, ಅತಿಥಿಯೊಬ್ಬರು ವೇದಿಕೆಯಲ್ಲಿ ರಿಬ್ಬನ್ ಬಿಚ್ಚದೆ ಹೊರಗೆ ಬಂದದ್ದುಂಟೆ? ‘ಅಳಿವೆ’ಯ ಪ್ರತಿ ಸಂಚಿಕೆಗೂ ಬಿಡುಗಡೆ ಉಂಟು. ಪ್ರಾರ್ಥನೆ, ಸ್ವಾಗತ, ಅತಿಥಿಯ ಭಾಷಣ, ವಂದನಾರ್ಪಣೆ, ಗೋಳಿಬಜೆ, ಚಹಾ. ಅತಿಥಿ ಒಮ್ಮೆ ಮೀಟಿಂಗಿಗೆ ಹೋಗಿರುತ್ತಾರೆ, ಇನ್ನೊಮ್ಮೆ ಚುನಾವಣೆ ಬಂದಿರುತ್ತದೆ. ಅಷ್ಟು ದಿನವೂ ಅಚ್ಚಾದ ಕಟ್ಟುಗಳು ಅಣ್ಣು ಅವರ ಪ್ರೆಸ್ಸಿನ ಅಟ್ಟದ ಮೇಲೆ ಕೂತಿರುತ್ತವೆ, ಫೈಲುಗಳು ಮೋಹಿನಿಯ ಕಂಪ್ಯೂಟರಿನಲ್ಲಿ. ಬರೆದವರೇ ಬಂದು ಒಂದು ಪ್ರತಿ ಕೇಳಿದರೂ ಸಿರಿಲ್ ಸರ್ ಕೊಡುತ್ತಿರಲಿಲ್ಲ. “ಮುಹೂರ್ತಕ್ಕೆ ಮೊದಲು ಮದುಮಗಳ ಮುಖ ನೋಡುವುದುಂಟಾ?” ಎನ್ನುತ್ತಿದ್ದರು.

ಇಲ್ಲಿಯೇ ಮೋಹಿನಿಯ ಕಷ್ಟ ಸುರುವಾಗುವುದು. ಆ ಸಮಾರಂಭದಲ್ಲಿ ಹೊಸ ಸಂಚಿಕೆಗಳನ್ನು ಹೊಳೆಯುವ ಕಾಗದದಲ್ಲಿ ಸುತ್ತಿ, ಕೆಂಪು ರಿಬ್ಬನ್ ಕಟ್ಟಿ, ಹರಿವಾಣದಲ್ಲಿಟ್ಟು ವೇದಿಕೆಗೆ ತರುವವರು ಅವರೇ. ಅಂದು ಅವರು ಒಳ್ಳೆಯ ಸೀರೆ ಉಡುತ್ತಾರೆ, ಶಂಕರಪುರದ ಮಲ್ಲಿಗೆ ಮುಡಿಯುತ್ತಾರೆ. ಅತ್ತೆ, ಮಗಳು ಮಲ್ಪೆಯಿಂದ ಬಂದು ಮುಂದಿನ ಸಾಲಿನಲ್ಲಿ ಕೂರುತ್ತಾರೆ. ವಂದನಾರ್ಪಣೆಯ ಕೊನೆಗೆ, ಮೈಕಿನವರಿಗಿಂತ ಸ್ವಲ್ಪ ಮೊದಲು, “ಹಾಗೆಯೇ ಕಂಪ್ಯೂಟರ್ ಕೆಲಸ ಮಾಡಿದ ಶ್ರೀಮತಿ ಮೋಹಿನಿ” ಎಂದು ಹೆಸರು ಬರುತ್ತದೆ. ಮೂರು ತಿಂಗಳ ಮುಂಜಾವಿನ ಕೆಲಸಕ್ಕೆ ಕಾಣುವಂಥ ಗುರುತು ಅದೊಂದೇ.

ಈಗ ಯುರೋಪಿನವರು ಹೇಳುತ್ತಿರುವುದು, ಫೈಲು ಸಿದ್ಧವಾದ ದಿನವೇ ಲೋಕಕ್ಕೆ ಕೊಡಿ ಎಂದು. ಆಗಲೇ ಲೋಕ ಓದಿ ಮುಗಿಸಿದ್ದನ್ನು ಅತಿಥಿ ಬಂದು ಬಿಡುಗಡೆ ಮಾಡುವುದು ಹೇಗೆ? ಸಮಿತಿಯ ಒಬ್ಬರು, ಸಂಚಿಕೆಯ ಮೇಲಿನ ತಿಂಗಳನ್ನೇ ಮುಂದಕ್ಕೆ ಹಾಕಿದರಾಯಿತು ಎಂದರು. ಹಾಗೆ ಮಾಡಿದರೆ ವರ್ಷಕ್ಕೆ ನಾಲ್ಕು ಎಂದು ಹೇಳಿಕೊಂಡದ್ದು ಮೂರಾಗುತ್ತದೆ, ಆ ತಪ್ಪಿಗೂ ಪಟ್ಟಿಯಲ್ಲಿ ಜಾಗ ಇಲ್ಲ ಎಂದು ಸಿರಿಲ್ ಸರ್ ತಲೆಯಾಡಿಸಿದರು. ಆಮೇಲೆ ಬಾಗಿಲ ಬಳಿ ಚಹಾದ ಲೋಟಗಳನ್ನು ಎತ್ತಿಕೊಳ್ಳುತ್ತಿದ್ದ ಮೋಹಿನಿಯ ಕಡೆ ತಿರುಗಿದರು. “ಏರಿಸುವವಳು ನೀನು. ನೀನು ಎಂತ ಹೇಳ್ತಿ?”

ಮೋಹಿನಿ, ಯೋಚಿಸಿ ಹೇಳ್ತೇನೆ ಸರ್ ಎಂದು ಲೋಟ ತೊಳೆಯಲು ಹೋದರು. “ಪಟ್ಟಿಯಲ್ಲಿ ಹೆಸರು ಬರಬೇಕು ಅಂತ ಎಲ್ಲರಿಗಿಂತ ಹೆಚ್ಚು ಆಸೆ ಇದ್ದದ್ದು ನನಗೆ. ಆದ್ರೆ ಅದಕ್ಕೆ ನನ್ನ ಸ್ಟೇಜೇ ಹೋಗಬೇಕಾ ಅಂತ ಅನಿಸಿತು. ಸರ್‌ಗೆ ಹೇಗೆ ಹೇಳುವುದು? ನಾಚಿಕೆ ಆಗ್ತದಲ್ಲ.”

ಆ ವಾರವೇ ಅಣ್ಣು ಅವರ ಪ್ರೆಸ್ಸಿನಲ್ಲಿ ಇಬ್ಬರೂ ಎದುರಾದರು. ‘ವನಮೂಲಿಕಾ’ದ ಪ್ರೂಫ್ ಇಟ್ಟುಕೊಂಡು ದ್ರಾಕ್ಷಾಯಿಣಿ ಮೊದಲೇ ಬಂದು ಕೂತಿದ್ದರು. ಮೋಹಿನಿಯ ಮುಖ ನೋಡಿ, ಏನಾಯಿತು ಎಂದು ಕೇಳಿದರು. ಯಾರಿಗೆ ಹೇಳಬಾರದು ಎಂದುಕೊಂಡಿದ್ದರೋ ಅವರ ಮುಂದೆಯೇ ಮೋಹಿನಿ ಎಲ್ಲವನ್ನೂ ಹೇಳಿಬಿಟ್ಟರು. ಕೊನೆಗೆ, “ನಿನಗೆಂತ, ಎ.ಸಿ. ಉಂಟು, ಪಟ್ಟಿ ಉಂಟು,” ಎಂದು ಚುಚ್ಚಿದರು.

ದ್ರಾಕ್ಷಾಯಿಣಿ ಪ್ರೂಫನ್ನು ಬದಿಗೆ ಸರಿಸಿದರು. ಮಣಿಪಾಲದಲ್ಲಿ ಬೆಳೆದ ಅವರಿಗೆ ಇಲ್ಲಿನ ಮಾತು ಚೆನ್ನಾಗಿ ಬರುತ್ತದೆ. ಆದರೆ ಅಂದು ಬಾಯಿಗೆ ಬಂದದ್ದು ಮನೆಯ ಮಾತು. “ನಿನಗೇನು ಕಡಿಮಿ ಆಗೇತಿ ಮೋಹಿನಕ್ಕಾ? ಮೂರು ತಿಂಗಳಿಗೊಮ್ಮೆ ಹೂವು ಮುಡ್ಕೊಂಡು ಸ್ಟೇಜ್ ಹತ್ತತಿ. ಮೈಕ್‌ನ್ಯಾಗ ನಿನ್ನ ಹೆಸರು ಹೇಳ್ತಾರ. ನಮ್ಮ ಟ್ರಸ್ಟಿನ್ಯಾಗ ಅರ್ಧಾ ಮಂದಿಗೆ ನನ್ನ ಹೆಸರ ಗೊತ್ತಿಲ್ಲ, ‘ಏ ಕಂಪ್ಯೂಟರ್’ ಅಂತ ಕರೀತಾರ. ನಾ ಏನು ಕೆಲಸಾ ಮಾಡ್ತೀನಿ ಅಂತ ನಮ್ಮವ್ವಗ ತೋರಸಾಕ ನನ್ನ ಹಂತ್ಯಾಕ ಏನೈತಿ? ಹೋದ ಸಲ ನಿಮ್ಮ ಫಂಕ್ಷನ್ನಿಗೆ ಬಂದಿದ್ದೆ ನಾನು. ಹಿಂದ ಕುಂತಿದ್ದೆ. ನೀ ತಾಟ ಹಿಡ್ಕೊಂಡು ಬಂದದ್ದು ನೋಡಿ ಹೊಟ್ಟ್ಯಾಗ ಬೆಂಕಿ ಬಿದ್ದಂಗಾತು. ಬಜಿನೂ ತಿನ್ನದ ಎದ್ದು ಹೋದೆ.”

ಈ ಮಾತನ್ನು ನೆನೆಸಿಕೊಳ್ಳುವಾಗ ಮೋಹಿನಿಯ ಮುಖ ಇಂದಿಗೂ ಅರಳುತ್ತದೆ. “ಪಾಪ ಅನಿಸಲಿಲ್ಲ ನನಗೆ. ಸುಳ್ಳು ಯಾಕೆ ಹೇಳಬೇಕು? ಖುಷಿ ಆಯಿತು. ಅಷ್ಟು ಖುಷಿ ನನಗೆ ಯಾವ ಸ್ಟೇಜಿನಲ್ಲೂ ಆಗಿರಲಿಲ್ಲ. ಕಾಪುವಿನ ಬಸ್ಸಿನಲ್ಲಿ ಕೂತು ಒಬ್ಬಳೇ ನಗಾಡಿದ್ದೇನೆ.”

ಉದ್ಯಾವರದ ಸೇತುವೆ ದಾಟುವ ಹೊತ್ತಿಗೆ ನಗು ನಿಂತಿತ್ತು. ಸ್ಟೇಜು ಇಟ್ಟುಕೊಂಡರೆ ದ್ರಾಕ್ಷಾಯಿಣಿಯ ಹೊಟ್ಟೆ ಉರಿಯುತ್ತಲೇ ಇರುತ್ತದೆ, ನಿಜ. ಆದರೆ ಪಟ್ಟಿಯಲ್ಲಿ ಅವಳೊಬ್ಬಳೇ ಇರುತ್ತಾಳೆ, ಲೇಖನಗಳೂ ಅವಳಲ್ಲಿಗೇ ಹೋಗುತ್ತವೆ. ಕೊನೆಗೆ ಸಮಾರಂಭ ಮಾಡಲಿಕ್ಕೆ ಪತ್ರಿಕೆಯೇ ಇರುವುದಿಲ್ಲ. ಮರುದಿನ ಸಿರಿಲ್ ಸರ್ ಕೋಣೆಯ ಬಾಗಿಲಲ್ಲಿ ನಿಂತು ಮೋಹಿನಿ ಹೇಳಿದರು: “ಮೊದಲೇ ಹಾಕುವ ಸರ್. ಪ್ರೂಫ್ ಆದ ದಿನವೇ ಹಾಕುವ.”

ಸಂಶೋಧನೆ ಎಲ್ಲರಿಗೂ ಸಿಗಲಿ ಎಂಬ ದೊಡ್ಡ ಮನಸ್ಸಿನಿಂದಲೇ ಈ ತೀರ್ಮಾನ ಮಾಡಿದಿರಲ್ಲವೆ ಎಂದು ಕೇಳಿದರೆ ಅವರು ಕೈಯಾಡಿಸಿಬಿಡುತ್ತಾರೆ. “ಅದೆಲ್ಲ ಬರೀಬೇಡಿ ಮಾರಾಯ್ರೆ. ಸರ್ ಹಾಗೆ ಭಾಷಣ ಮಾಡ್ತಾರೆ, ಅವರು ಮಾಡಲಿ. ನನ್ನದು ಹೊಟ್ಟೆಕಿಚ್ಚು. ತಟ್ಟೆ ಹಿಡಿದು ನಡೆಯುವುದು ಯಾರಿಗೆ ಬೇಕಾದರೂ ಆಗ್ತದೆ. ಈ ಕೆಲಸ ನನ್ನ ಹಾಗೆ ಮಾಡುವವರು ಈ ಜಿಲ್ಲೆಯಲ್ಲಿ ಇಲ್ಲ. ಅವಳನ್ನು ಬಿಟ್ಟು.”

ಹಾಗೆ ಮೊದಲೇ ಏರಿಸಿದ ಸಂಚಿಕೆಗೂ ಹಳೆಯ ರೂಢಿಯಂತೆ ಒಂದು ಸಮಾರಂಭ ನಡೆಯಿತು. ಅತಿಥಿ ರಿಬ್ಬನ್ ಬಿಚ್ಚಿ, ಇದನ್ನು ನಾನು ಹೋದ ವಾರವೇ ಮನೆಯಲ್ಲಿ ಓದಿದ್ದೇನೆ, ಸಿಗಡಿಯ ಲೇಖನದಲ್ಲಿ ಎರಡು ಕೋಷ್ಟಕ ಸರಿಯಿಲ್ಲ ಎಂದು ಭಾಷಣ ಮಾಡಿದರು. ಸಭೆಗೆ ನಗು, ಸಿರಿಲ್ ಸರ್‌ಗೆ ಮುಜುಗರ. ಮುಂದಿನ ಸಂಚಿಕೆಯಿಂದ ಸಮಾರಂಭ ಇಲ್ಲ ಎಂದಾಯಿತು. ಹರಿವಾಣವನ್ನು ಮೋಹಿನಿಯೇ ಉಜ್ಜಿ ಒರೆಸಿ ಕಪಾಟಿನ ಮೇಲೆ ಇಟ್ಟರು. ಅದಾದ ಮೂರು ತಿಂಗಳಿಗೆ ನವ್ಯಶ್ರೀ, “ಅಮ್ಮ, ಈ ಸಲ ಫಂಕ್ಷನ್ ಯಾವಾಗ?” ಎಂದು ಕೇಳಿದಾಗ, ಇನ್ನು ಇಲ್ಲ ಎಂದು ಅವರು ಆ ಒಳ್ಳೆಯ ಸೀರೆಯನ್ನು ಮಡಚಿ ಒಳಗಿಟ್ಟರು.

ಹೋದ ವರ್ಷ ‘ಅಳಿವೆ’ ಪಟ್ಟಿ ಸೇರಿತು. ಸುದ್ದಿ ಬಂದ ಬೆಳಿಗ್ಗೆ ಕೋಣೆಯಲ್ಲಿ ಮೋಹಿನಿ ಒಬ್ಬರೇ. ಪಟ್ಟಿಯ ಪುಟದಲ್ಲಿ ಪತ್ರಿಕೆಯ ಹೆಸರು, ಪ್ರಕಾಶಕರ ಹೆಸರು, ದೇಶದ ಹೆಸರು, ಎಲ್ಲ ಇದ್ದವು. ಫೈಲು ಮಾಡಿದವರ ಹೆಸರು ಹಾಕುವ ಪದ್ಧತಿ ಅಲ್ಲಿಲ್ಲ. ಅವರು ಅರ್ಧ ದಿನ ರಜೆ ಹಾಕಿ, ಪುಟದ ಪ್ರಿಂಟು ತೆಗೆದುಕೊಂಡು ಉಡುಪಿಯ ಬಸ್ಸು ಹತ್ತಿದರು. ಪ್ರೆಸ್ಸಿನ ಗೋಡೆಯಲ್ಲಿ ದ್ರಾಕ್ಷಾಯಿಣಿಯ ಕಾಗದದ ಪಕ್ಕ ಬೇಕಾದಷ್ಟು ಜಾಗ ಇತ್ತು. ಮೋಹಿನಿ ಸ್ಟೂಲು ಹತ್ತಿ ಅದರ ಮೇಲುಗಡೆಗೆ ಅಂಟಿಸಿದರು. “ಬದಿಯಲ್ಲಿ ಹಾಕಬಹುದಿತ್ತಲ್ಲ,” ಎಂದರು ಅಣ್ಣು. “ಅಲ್ಲಿ ಬೆಳಕು ಕಡಿಮೆ ಅಣ್ಣು ಅಣ್ಣ,” ಎಂದರು ಇವರು.

ಈಗ ‘ಅಳಿವೆ’ಗೆ ಲೇಖನಗಳು ಒರಿಸ್ಸಾದಿಂದಲೂ ಬಾಂಗ್ಲಾದೇಶದಿಂದಲೂ ಬರುತ್ತವೆ. ಕಾಂಡ್ಲಾದ ಅಧ್ಯಾಪಕರೂ ಮರಳಿ ಬಂದಿದ್ದಾರೆ. ಅವರ ಲೇಖನವನ್ನು ಮೋಹಿನಿ ಎಲ್ಲಕ್ಕಿಂತ ಕೊನೆಗೆ ಏರಿಸುತ್ತಾರೆ. ಅಷ್ಟು ಮಟ್ಟಿನ ಸೇಡು ನಿಯಮದೊಳಗೇ ಬರುತ್ತದಂತೆ.

ಈ ಲೇಖನಕ್ಕೆ ಫೋಟೋ ತೆಗೆಯಲು ನಮ್ಮ ಭಾನುವಾರದ ಪತ್ರಿಕೆಯ ಛಾಯಾಗ್ರಾಹಕ ರೋಶನ್ ಬಂದದ್ದು ಅಣ್ಣು ಅವರ ಪ್ರೆಸ್ಸಿಗೆ. ಎರಡೂ ಪತ್ರಿಕೆಗಳು ಅಂದೇ ಅಚ್ಚಿಗೆ ಹೋಗುತ್ತಿದ್ದುದರಿಂದ ದ್ರಾಕ್ಷಾಯಿಣಿಯೂ ಇದ್ದಾರೆ. ಎಂದೂ ಹೂವು ಮುಡಿಯದವರು ಅಂದು ಮಲ್ಲಿಗೆ ಮುಡಿದು ಬಂದಿದ್ದಾರೆ. ರೋಶನ್ ಕ್ಯಾಮೆರಾ ಎತ್ತಿ, ಇಬ್ಬರೂ ಜೊತೆಗೆ ನಿಲ್ಲಿ, ಚೆಂದ ಬರ್ತದೆ ಎನ್ನುತ್ತಾರೆ. ದ್ರಾಕ್ಷಾಯಿಣಿ ಸೆರಗು ಸರಿಮಾಡಿಕೊಳ್ಳುತ್ತಾರೆ. ಮೋಹಿನಿ, ಒಂದು ನಿಮಿಷ ಎಂದು, ಈ ಲೇಖನ ಬರೆಯಲು ಬಂದವರನ್ನು ಯಂತ್ರದ ಸದ್ದಿನ ಹತ್ತಿರಕ್ಕೆ, ಇನ್ನೊಬ್ಬರಿಗೆ ಕೇಳಿಸದ ಕಡೆಗೆ ಕರೆದುಕೊಂಡು ಹೋಗುತ್ತಾರೆ.

“ಅವಳ ಹೆಸರು ಬರೀರಿ. ನನ್ನಷ್ಟೇ ಕೆಲಸ ಗೊತ್ತುಂಟು ಅಂತಲೂ ಬರೀರಿ, ಅದು ಸತ್ಯ. ಬೇಕಾದರೆ ಇನ್ನೊಂದು ಭಾನುವಾರ ಅವಳದ್ದೇ ಹಾಕಿ, ನಾನು ಓದ್ತೇನೆ,” ಎನ್ನುತ್ತಾರೆ. “ಆದ್ರೆ ಈ ಸಲದ ಫೋಟೋದಲ್ಲಿ ನಾನೊಬ್ಬಳೇ ಇರ್ತೇನೆ, ಆಗಬಹುದಾ?”